ಸುಮ್ನಿರಿ ಮೇಡಂ

ರೇಡಿಯೊ ನಿಲಯದಲ್ಲಿ ಅವಳಿಗೆ ‘ಸುಮ್ನಿರಿ ಮೇಡಂ’ ಎಂದು ಹೆಸರು. ಮಾತೇ ಬಂಡವಾಳವಾದ ಜಾಗದಲ್ಲಿ ಇಂಥ ಹೆಸರು ಗಳಿಸುವುದು ಒಂದೆರಡು ದಿನದ ಕೆಲಸವಲ್ಲ. ಅದಕ್ಕೆ ಇಪ್ಪತ್ತು ವರ್ಷ ಹಿಡಿದಿತ್ತು.

ಸಂದರ್ಶನ ಮುಗಿಯುತ್ತದೆ. ಮಂತ್ರಿಗಳು ಬೆವರು ಒರೆಸಿಕೊಂಡು, ಬದುಕಿದೆಯಾ ಬಡಜೀವವೇ ಎಂದು ಕುರ್ಚಿಯಿಂದ ಏಳಲು ನೋಡುತ್ತಾರೆ. ಆಗ ಅವಳು ಅಂಗೈ ಎತ್ತಿ, “ಒಂದ್ನಿಮಿಷ ಸುಮ್ನಿರಿ ಸಾರ್. ಯಂತ್ರ ಇನ್ನೂ ಓಡ್ತಿದೆ” ಎನ್ನುತ್ತಾಳೆ. ಮಂತ್ರಿಗಳು, ಅವರ ಆಪ್ತರು, ಚಹಾ ತಂದವರು ಎಲ್ಲರೂ ಕೂತಲ್ಲಿ ಕೂತಂತೆ, ನಿಂತಲ್ಲಿ ನಿಂತಂತೆ ಆಗಬೇಕು. ಆ ಒಂದು ನಿಮಿಷ ಅವಳು ಏನನ್ನೂ ಕೇಳುವುದಿಲ್ಲ. ಫ್ಯಾನಿನ ಗುಂಯ್ ಸದ್ದು, ಗಡಿಯಾರದ ಟಿಕ್‌ಟಿಕ್, ಎಲ್ಲೋ ದೂರದ ಹಾರ್ನ್ ಅಷ್ಟನ್ನು ಹಿಡಿದಿಟ್ಟುಕೊಳ್ಳುತ್ತಾಳೆ. ರೇಡಿಯೊದವರಿಗೆ ಅದು ‘ಖಾಲಿ ಸದ್ದು’. ಮಾತಿನ ನಡುವಿನ ಕೆಮ್ಮು, ಕ್ಯಾಕರಿಕೆ ಕತ್ತರಿಸಿದಾಗ ಅಲ್ಲೊಂದು ತೂತು ಬೀಳುತ್ತದೆ. ಆ ತೂತಿಗೆ ಅದೇ ಕೋಣೆಯ ಖಾಲಿ ಸದ್ದಿನ ತೇಪೆ ಹಾಕಿದರೆ ಕೇಳುವವರಿಗೆ ಹೊಲಿಗೆ ಗೊತ್ತಾಗುವುದಿಲ್ಲ.

ರಾಜಕಾರಣಿಗಳಿಗೆ ಊಟ ಬಿಡು ಎಂದರೆ ಬಿಟ್ಟಾರು, ಮಾತು ಬಿಡು ಎಂದರೆ ಜೀವ ಹೋದಂತೆ. ಎಷ್ಟೋ ಮಂದಿ ಆ ನಿಮಿಷದೊಳಗೇ ಬಾಯಿ ಬಿಟ್ಟಿದ್ದರು. ಒಬ್ಬ ಮಂತ್ರಿಯಂತೂ ನಿಟ್ಟುಸಿರು ಬಿಟ್ಟು, “ಹೇಗಿದ್ರೂ ನಾಳೆ ನಾನು ಈ ಕುರ್ಚೀಲಿ ಇರಲ್ಲ ಬಿಡಿ” ಎಂದುಬಿಟ್ಟಿದ್ದ. ಅವಳು ಅದನ್ನು ಹಾಗೇ ಪ್ರಸಾರ ಮಾಡಲಿಲ್ಲ. ಮೈಕನ್ನು ಮತ್ತೆ ಅವನ ಮುಂದೆ ಹಿಡಿದು, ಅದನ್ನೇ ಪ್ರಶ್ನೆಯಾಗಿ ಕೇಳಿ, ಉತ್ತರ ಪಡೆದು, ಇನ್ನೊಬ್ಬರ ಬಾಯಲ್ಲೂ ಖಚಿತ ಮಾಡಿಸಿಕೊಂಡು, ಆಮೇಲೆ ಹೇಳಿದಳು. ಅದು ಪತ್ರಿಕೆಯಲ್ಲಿ ಕಲಿತ ಪಾಠ. ರೇಡಿಯೊಗೆ ಬರುವ ಮುಂಚೆ ಅವಳು ಕೆಲಸ ಮಾಡುತ್ತಿದ್ದ ಪತ್ರಿಕೆ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಅಲ್ಲಿನ ಸಂಪಾದಕರ ಮಾತು ಮಾತ್ರ ಅವಳ ಜೊತೆ ಉಳಿದಿದೆ: ಒಬ್ಬ ಹೇಳಿದರೆ ಗಾಳಿಮಾತು, ಇಬ್ಬರು ಹೇಳಿದರೆ ಸುದ್ದಿ.

ಆ ಶುಕ್ರವಾರ ಅವಳ ಪಾಲಿಗೆ ಪರೀಕ್ಷೆಯ ಕೊನೆಯ ದಿನ.

ನಿಲಯ ಹೊಸದಾಗಿ, ದಿನಾ ಸಂಜೆ ಆರು ಗಂಟೆಯ ನೇರಪ್ರಸಾರದ ರಾಜಕೀಯ ಕಾರ್ಯಕ್ರಮವೊಂದನ್ನು ಶುರುಮಾಡುತ್ತಿತ್ತು. ನಡೆಸಿಕೊಡುವವರು ಯಾರು ಎಂಬುದಕ್ಕೆ ಇಬ್ಬರ ಹೆಸರಿತ್ತು. ಒಬ್ಬ, ವಾರ್ತೆ ಓದುವ ಸಹೋದ್ಯೋಗಿ. ಅವನ ದನಿಗೆ ಮರುಳಾಗಿ ಎಲ್ಲರೂ ಅವನನ್ನು ‘ಕಂಚು’ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಇವಳು. ಇಬ್ಬರಿಗೂ ಒಂದೊಂದು ವಾರ. ಕಂಚಿನ ವಾರ ಮುಗಿದಿತ್ತು, ಭರ್ಜರಿಯಾಗಿಯೇ ಮುಗಿದಿತ್ತು. ಅವನು ಗುಡುಗಿದರೆ ಅತಿಥಿಗಳೂ ಗುಡುಗುತ್ತಿದ್ದರು. ಯಾರು ಏನು ಹೇಳಿದರೆಂದು ಕೊನೆಗೆ ಯಾರಿಗೂ ನೆನಪಿರುತ್ತಿರಲಿಲ್ಲ, ಆದರೆ ಕೇಳಲು ಮಜವಾಗಿತ್ತು. ಆಗಲೇ ಆ ಕುರ್ಚಿ ತನ್ನದೇ ಎಂಬಂತೆ ಬಿಸಿನೀರಿನ ಫ್ಲಾಸ್ಕನ್ನು ಅವನು ಸ್ಟುಡಿಯೊದಲ್ಲೇ ಬಿಟ್ಟುಹೋಗಿದ್ದ, ವಾರ್ತೆಗೆ ಬಂದಾಗಲೆಲ್ಲ ಅದಕ್ಕೆ ಹೊಸದಾಗಿ ನೀರು ತುಂಬುತ್ತಿದ್ದ. ನಾಲ್ಕು ದಿನದಿಂದ ಅವಳು ಆ ಫ್ಲಾಸ್ಕಿನ ಎದುರಿಗೇ ಕೂತು ಕಾರ್ಯಕ್ರಮ ನಡೆಸುತ್ತಿದ್ದಳು.

“ರಾಜಕೀಯ ಅಂದ್ರೆ ಬೆಂಕಿ ಇರ್ಬೇಕು ಮೇಡಂ,” ಎಂದಿದ್ದರು ನಿಲಯದ ನಿರ್ದೇಶಕರು ಗುರುವಾರ. “ನೀವು ಪ್ರಶ್ನೆ ಕೇಳಿ ಕಾಯ್ತಾ ಕೂತ್ಕೋತೀರಿ. ನಿನ್ನೆ ಎಷ್ಟು ಹೊತ್ತು ಕಾದ್ರಿ ಅಂದ್ರೆ ಕಾವಲು ಯಂತ್ರದ ಕೆಂಪು ದೀಪ ಹತ್ಕೊಳ್ತು. ಇನ್ನೆರಡು ಉಸಿರು ತಡವಾಗಿದ್ರೆ ಅದೇ ಹಾಡು ಹಾಕ್ಬಿಡ್ತಿತ್ತು.”

ಪ್ರಸಾರದಲ್ಲಿ ಸದ್ದು ನಿಂತರೆ, ಏನೋ ಕೆಟ್ಟಿದೆ ಎಂದು ತಿಳಿದು ತಾನೇ ಸಂಗೀತ ಶುರುಮಾಡುವ ಯಂತ್ರ ಅದು. ಆ ಯಂತ್ರಕ್ಕೂ ನಿರ್ದೇಶಕರಿಗೂ ಮೌನ ಕಂಡರೆ ಒಂದೇ ಬಗೆಯ ಭಯ.

ಅವಳಿಗೆ ಆ ಕುರ್ಚಿ ಬೇಕಾಗಿತ್ತು. ಮನೆಯಲ್ಲೂ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಾಗಿತ್ತು. ಇಪ್ಪತ್ತು ವರ್ಷ ಈ ಪ್ರಾಂತ್ಯದ ಶಾಸನಸಭೆಯ ಮೆಟ್ಟಿಲು ಹತ್ತಿ ಇಳಿದವಳು. ಸದಸ್ಯರ ಕೆಮ್ಮು ಕೇಳಿಯೇ ಯಾವ ಕ್ಷೇತ್ರ ಎಂದು ಹೇಳುವವಳು. ಆದರೆ ಅವಳ ಕೆಲಸವೆಲ್ಲ ಬೇರೆಯವರು ಓದುವ ವಾರ್ತೆಯೊಳಗೆ ಉಪ್ಪಿನಂತೆ ಕರಗಿ ಹೋಗಿತ್ತು. ಒಮ್ಮೆಯಾದರೂ ತಟ್ಟೆ ತನ್ನದಾಗಬೇಕು.

ಶುಕ್ರವಾರ ಬೆಳಿಗ್ಗೆ ಅವಳು ಪ್ರಾಂತ್ಯ ಸರ್ಕಾರದ ಮುಖ್ಯಸ್ಥರ ಮನೆಯಲ್ಲಿದ್ದಳು. ಅವಧಿ ಮುಗಿಯುವ ಮೊದಲೇ ಶಾಸನಸಭೆ ವಿಸರ್ಜಿಸಿ ಚುನಾವಣೆಗೆ ಹೋಗುತ್ತಾರಂತೆ ಎಂಬ ಮಾತು ವಾರಗಳಿಂದ ಹಬ್ಬಿತ್ತು. ಗೇಟಿನ ಹೊರಗೆ ಟಿವಿ ವಾಹನಗಳು ಸಾಲುಗಟ್ಟಿದ್ದವು. ಒಳಗೆ ಬಿಟ್ಟದ್ದು ಇವಳೊಬ್ಬಳನ್ನೇ. ಮುಖ್ಯಸ್ಥರಿಗೆ ಅವಳ ಮೇಲೆ ಪ್ರೀತಿ ಉಕ್ಕಿ ಅಲ್ಲ, ಟಿವಿ ತಲುಪದ ದೂರದ ಊರುಗಳಲ್ಲಿ ರೇಡಿಯೊ ಕೇಳುತ್ತಾರೆಂಬ ಲೆಕ್ಕಾಚಾರದಿಂದ.

ಕೆಳಗಿನ ಕೋಣೆ, ಕಂದು ಸೋಫಾ, ಗಾಜಿನ ಬೀರುವಿನಲ್ಲಿ ನೆನಪಿನ ಕಾಣಿಕೆಗಳು. ಮುಖ್ಯಸ್ಥರ ಬೆನ್ನ ಹಿಂದೆ ಮುಚ್ಚಿದ ಬಾಗಿಲು. ದಪ್ಪ ಮೈ, ಸಣ್ಣ ಕಣ್ಣು, ಮೂರು ಸಲ ಗೆದ್ದ ಮುಖ. ಎರಡು ತಿಂಗಳ ಹಿಂದೆ ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಅವರ ಬಾಯಲ್ಲಿ ‘ಸರ್ಕಾರ’ವೂ ‘ಸದನ’ವೂ ಕುಕ್ಕರಿನಂತೆ ಸೀಟಿ ಹೊಡೆದುಕೊಂಡು ಬರುತ್ತಿದ್ದವು.

“ಚುನಾವಣೆ? ಯಾವ ಚುನಾವಣೆ ತಾಯಿ?” ಎಂದು ಅವರು ನಕ್ಕರು. “ಅವಧಿ ಮುಗಿಯೋವರೆಗೂ ಈ ಸರ್ಕಾರ ಅಲ್ಲಾಡಲ್ಲ. ಬರೆದಿಟ್ಕೊಳ್ಳಿ.”

“ಬರೆಯೋದು ಬಿಟ್ಟು ಬಹಳ ದಿನ ಆಯ್ತು ಸಾರ್. ರೆಕಾರ್ಡ್ ಆಗಿದೆ.”

“ಅದಂತೂ ಇನ್ನೂ ಒಳ್ಳೇದು.”

ಕೊನೆಗೆ ಅವಳು ಅಂಗೈ ಎತ್ತಿದಳು. ಮುಖ್ಯಸ್ಥರು ಬಲ್ಲವರು, ತಾವೇ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣು ಮುಚ್ಚಿದರು. ಆ ನಿಮಿಷ ಹೆಡ್‌ಫೋನು ಕಿವಿಯ ಮೇಲಿರಬೇಕು ಎಂಬುದು ಅವಳೇ ಎಲ್ಲರಿಗೂ ಹೇಳಿಕೊಡುವ ನಿಯಮ. ಆದರೆ ಆ ದಿನ ಅದನ್ನು ಕುತ್ತಿಗೆಗೆ ಜಾರಿಸಿ, ಸಂಜೆಯ ಅತಿಥಿಯನ್ನು ಏನು ಕೇಳಲಿ ಎಂದು ಯೋಚಿಸುತ್ತ ಕೂತಳು. ಸಾವಿರ ಸಲ ಮಾಡಿದ ಕೆಲಸಕ್ಕೆ ಯಾರು ಕಿವಿಗೊಡುತ್ತಾರೆ?

ನಿಲಯಕ್ಕೆ ಬಂದಾಗ ಒಂದು ಗಂಟೆಯ ವಾರ್ತೆಗೆ ಹೆಚ್ಚು ಸಮಯವಿರಲಿಲ್ಲ. ಧ್ವನಿ ಸಂಕಲನದವನಿಗೆ ‘ಕತ್ತರಿ’ ಎಂದು ಹೆಸರು. ಟೇಪನ್ನು ಬ್ಲೇಡಿನಿಂದ ಕೊಯ್ಯುವ ಕಾಲದ ಹೆಸರು. ಕಂಪ್ಯೂಟರ್ ಬಂದರೂ ಹೋಗಿರಲಿಲ್ಲ. ಅವನು ಸೀಟಿಗಳನ್ನೆಲ್ಲ ಕತ್ತರಿಸುತ್ತ, ಬಿದ್ದ ತೂತುಗಳಿಗೆ ಖಾಲಿ ಸದ್ದಿನ ತೇಪೆ ಹಾಕುತ್ತ, “ಇವರ ಹಲ್ಲು ಕಟ್ಟಿದವನು ಕೈಗೆ ಸಿಕ್ಕಿದ್ರೆ…” ಎಂದು ಗೊಣಗುತ್ತ ಕೊನೇ ಗಳಿಗೆಗೆ ಮುಗಿಸಿದ. ಖಾಲಿ ಸದ್ದನ್ನು ಕೇಳಿ ನೋಡಲು ಪುರುಸೊತ್ತಿರಲಿಲ್ಲ. ಖಾಲಿಯನ್ನು ಏನು ಕೇಳುವುದು?

ವಾರ್ತೆ ಮುಗಿದು, ಅವಳು ಬ್ರೆಡ್ಡಿನ ತುಂಡೊಂದನ್ನು ಬಾಯಿಗಿಡುವಷ್ಟರಲ್ಲಿ ಫೋನ್ ಬಂತು. ಅತ್ತೆ.

ಅತ್ತೆ ಅವಳ ಮೊದಲ ಕೇಳುಗರು, ಕೊನೆಯ ವಿಮರ್ಶಕರು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಹಳೇ ರೇಡಿಯೊವನ್ನು ಕಿವಿಗೆ ಅಂಟಿಸಿಕೊಂಡೇ ಕೂರುವವರು. ಸೊಸೆ ಚೆನ್ನಾಗಿ ಮಾಡಿದಳು ಎಂದು ಇವತ್ತಿನವರೆಗೆ ಅವರ ಬಾಯಿಂದ ಬಂದದ್ದಿಲ್ಲ. ತಪ್ಪಿದರೆ ಮಾತ್ರ ಫೋನ್ ತಪ್ಪುತ್ತಿರಲಿಲ್ಲ.

“ಹೇಳಿ ಅತ್ತೆ.”

“ಅಲ್ವೇ, ಆ ಮನುಷ್ಯ ಇಬ್ಬಿಬ್ಬರಾಗಿ ಮಾತಾಡ್ತಾನೇನೇ?”

“ಯಾವ ಮನುಷ್ಯ?”

“ಅದೇ, ನಿನ್ನ ಮುಖ್ಯಸ್ಥ. ಚುನಾವಣೆ ಇಲ್ಲ ಅಂತಾನೆ. ಅಂದು ಉಸಿರು ತಗೊಳ್ತಾನಲ್ಲ, ಆ ಸಂದೀಲಿ ಇನ್ಯಾರೋ ಹಿಂದಿನಿಂದ ‘ನಿಮ್ಮ ಅಮೂಲ್ಯ ಮತ’ ಅಂತಾರೆ. ನಾನು ಪಕ್ಕದ್ಮನೆ ಟಿವಿ ಅಂದ್ಕೊಂಡು ಕಿಟಕಿ ಹಾಕಿ ಬಂದೆ. ಮತ್ತೆ ಕೇಳಿಸ್ತು. ಅದೂ ಅವನದೇ ದನಿ ಕಣೇ.”

“ಅವ್ರದೇ ದನಿನಾ?”

“ಬಾಯಿ ಮುಚ್ಕೊಂಡಾಗ್ಲೂ ಮಾತಾಡೋ ಗಂಡಸು ನಿಮ್ಮ ಮಾವನೊಬ್ರೇ ಅಂದ್ಕೊಂಡಿದ್ದೆ, ನಿದ್ದೇಲಿ. ಇವನೂ ಒಬ್ಬ ಇದ್ದಾನೆ.”

ಅವಳು ಬ್ರೆಡ್ಡನ್ನು ಅಲ್ಲೇ ಬಿಟ್ಟು ಓಡಿದಳು. ಮೊಣಕಾಲು ನೋವಿದೆ ಎಂದು ವರ್ಷದಿಂದ ಲಿಫ್ಟನ್ನೇ ನೆಚ್ಚಿಕೊಂಡವಳು ಎರಡೆರಡು ಮೆಟ್ಟಿಲು ಹತ್ತಿ ಕತ್ತರಿಯ ಕೋಣೆಯ ಬಾಗಿಲು ತಳ್ಳಿದಳು.

“ಬೆಳಗಿನ ಖಾಲಿ ಸದ್ದು ಹಾಕು. ಜೋರಾಗಿ.”

“ಖಾಲೀನ ಜೋರಾಗಿ ಹಾಕೋದಾ ಮೇಡಂ?”

“ಹಾಕಪ್ಪಾ.”

ಹಾಕಿದ. ಫ್ಯಾನ್. ಗಡಿಯಾರ. ಆಮೇಲೆ ಬಾಗಿಲಿನ ಆಚೆಯಿಂದ, ನೀರಿನೊಳಗಿಂದ ಬಂದ ಹಾಗೆ, ಒಂದು ಗಂಡುದನಿ: ‘…ನಿಮ್ಮ ಅಮೂಲ್ಯ ಮತವನ್ನು ನೀಡಿ, ಸ್ಥಿರ ಸರ್ಕಾರಕ್ಕಾಗಿ ಸಹಕರಿಸಿ…’

ಕತ್ತರಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಇದನ್ನ ನಾನು ಆರು ಕಡೆ ಅಂಟಿಸಿದೀನಿ.”

ಸಂಗತಿ ಇಷ್ಟು. ಕೋಣೆಯೊಳಗೆ ಬರಿಗಿವಿಗೆ ಕೇಳಿಸದಷ್ಟು ಸಣ್ಣ ಸದ್ದು ಅದು. ಮೈಕು ಮುಖ್ಯಸ್ಥರ ಕಡೆಗೆ, ಅಂದರೆ ಅವರ ಹಿಂದಿನ ಬಾಗಿಲ ಕಡೆಗೂ ಮುಖ ಮಾಡಿತ್ತು. ಪ್ರಸಾರದ ಯಂತ್ರಕ್ಕೆ ಒಂದು ಗುಣವಿದೆ: ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿನದನ್ನು ಎತ್ತುತ್ತದೆ. ಮುಖ್ಯಸ್ಥರು ಮಾತು ನಿಲ್ಲಿಸಿದ ಕಡೆಯೆಲ್ಲ ಅದು ಬಾಗಿಲ ಹಿಂದಿನ ದನಿಯನ್ನು ಎತ್ತಿ, ಬೆಳ್ಳುಳ್ಳಿ ಸುಲಿಯುವವರ ಕಿವಿಗೆ ಮುಟ್ಟಿಸಿತ್ತು.

“ಪಕ್ಕದ ಕೋಣೇಲಿ ಪ್ರಚಾರದ ಟೇಪ್ ಹಾಕ್ಕೊಂಡು ಕೇಳ್ತಿದ್ರು,” ಎಂದಳು ಅವಳು. “ನಾವು ಮಾತು ನಿಲ್ಸಿದ್ವಲ್ಲ, ರೇಡಿಯೊದವ್ರು ಹೋದ್ರು ಅಂದ್ಕೊಂಡಿರ್ತಾರೆ.”

“ಹಾಗಾದ್ರೆ ಚುನಾವಣೆ ಗ್ಯಾರಂಟಿ.”

“ಗ್ಯಾರಂಟಿ ಎಲ್ಲಿ? ಹೋದ ಚುನಾವಣೆ ಟೇಪ್ ಆಗಿದ್ರೆ? ಹಳೇ ಸಾಮಾನು ಜೋಡಿಸ್ತಾ ಯಾರೋ ಹಾಕಿರ್ಬಹುದು. ಇನ್ನೊಂದ್ಸಲ ಹಾಕು.”

ಮತ್ತೆ ಹಾಕಿದ. ಮತ್ತೆ. ಮೂರನೆಯ ಸಲಕ್ಕೆ ಇಬ್ಬರೂ ಒಟ್ಟಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಸ್ಥಿರ ಸರ್ಕಾರಕ್ಕಾಗಿ ಸಹಕರಿಸಿ.’ ಬಾಗಿಲಿನ ಆಚೆಯಿಂದ, ತೆಳ್ಳಗೆ, ಮೂರು ಸೀಟಿ.

“ಹಲ್ಲು,” ಎಂದ ಕತ್ತರಿ, ದೇವರನ್ನು ಕಂಡವನಂತೆ. “ಹೊಸ ಹಲ್ಲು. ಎರಡು ತಿಂಗಳಿಂದ ಇದೇ ಸೀಟಿ ಕೊಯ್ದು ಕೊಯ್ದು ನನ್ನ ಬೆರಳು ಸವೆದಿದೆ ಮೇಡಂ.”

ಹಲ್ಲು ಹೊಸದಾದರೆ ಟೇಪೂ ಹೊಸದು.

ನಿರ್ದೇಶಕರ ಕೋಣೆಯಲ್ಲಿ ಆ ಖುಷಿಗೆ ತಣ್ಣೀರು ಬಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ನಾವು ಮುಖ್ಯಸ್ಥರ ಮನೆ ಒಳಗಿನ ಮಾತನ್ನ, ಅವರಿಗೆ ಗೊತ್ತಿಲ್ಲದ ಹಾಗೆ, ಇಡೀ ಪ್ರಾಂತ್ಯಕ್ಕೆ ಕೇಳಿಸಿದೀವಿ.”

“ಯಂತ್ರ ಓಡ್ತಿದೆ ಅಂತ ಹೇಳಿಯೇ ರೆಕಾರ್ಡ್ ಮಾಡಿದ್ದು ಸಾರ್.”

“ಅವರಿಗೆ ಹೇಳಿದ್ರಿ. ಬಾಗಿಲಿಗೆ ಹೇಳಿದ್ರಾ?” ಅವರು ಹಣೆ ಉಜ್ಜಿಕೊಂಡರು. “ಯಾರಾದ್ರೂ ಕೇಳೋಕ್ಕೆ ಮುಂಚೆ ಒಂದು ವಿಷಾದ ಹಾಕ್ಬಿಡೋಣ. ತಾಂತ್ರಿಕ ದೋಷ. ಸಂಜೆ ಕಂಚು ಕೂತ್ಕೊಳ್ಲಿ, ನೀವು ಒಂದು ದಿನ ತಣ್ಣಗಿರಿ.”

ಆ ಸಂಜೆ ಕಂಚು ಕೂತರೆ ಸೋಮವಾರವೂ ಕಂಚೇ. ಅವಳು ದನಿ ಏರಿಸಲಿಲ್ಲ.

“ತೇಪೆ ಹಾಕಿದ್ದು ನಮ್ಮ ತಪ್ಪು, ಅದನ್ನ ಹೇಳೋಣ, ನಾನೇ ಹೇಳ್ತೀನಿ. ಆದ್ರೆ ಕೇಳಿಸಿದ್ದು ಸುಳ್ಳು ಅಂತ ಹೇಳೋಕ್ಕಾಗಲ್ಲ. ಬೆಳಿಗ್ಗೆ ಅವರು ಚುನಾವಣೆ ಇಲ್ಲ ಅಂದ್ರು, ನಾವು ಪ್ರಸಾರ ಮಾಡಿದ್ವಿ. ಅದು ಸುಳ್ಳಾಗಿದ್ರೆ, ಆ ಸುಳ್ಳನ್ನ ಜನಕ್ಕೆ ಹಂಚಿದ್ದು ನಾವು. ಆರು ಗಂಟೆವರೆಗೆ ಕೊಡಿ ಸಾರ್. ಇನ್ನೊಂದು ಬಾಯಿಂದ ಖಚಿತ ಆಗ್ದಿದ್ರೆ ಅದರ ಸುದ್ದಿನೇ ಎತ್ತಲ್ಲ.”

ನಿರ್ದೇಶಕರು ಕಿಟಕಿಯಾಚೆ ನೋಡಿದರು. “ಐದೂವರೆಗೆ ಬಂದು ಹೇಳಿ,” ಎಂದರು. “ಆಗಿಲ್ಲ ಅಂದ್ರೆ ಕಂಚು.”

ಮುಖ್ಯಸ್ಥರ ಪತ್ರಿಕಾ ಕಾರ್ಯದರ್ಶಿ ಒಂದು ಕಾಲಕ್ಕೆ ಅದೇ ಮುಚ್ಚಿಹೋದ ಪತ್ರಿಕೆಯಲ್ಲಿ ಅವಳ ಪಕ್ಕದ ಮೇಜಿನವನು. ಸುದ್ದಿಯ ಮೊದಲ ವಾಕ್ಯ ಬರೆಯುವುದನ್ನು ಅವನಿಗೆ ಕಲಿಸಿದವಳೇ ಅವಳು. ಈಗಲೂ ಅಕ್ಕಾ ಎಂದೇ ಕರೆಯುತ್ತಿದ್ದ. ಅಕ್ಕನಿಗೆ ಸುಳ್ಳು ಹೇಳುವಾಗಲೂ.

“ಏನಕ್ಕಾ, ಸಂದರ್ಶನ ಚೆನ್ನಾಗಿ ಬಂತಂತೆ,” ಎಂದ ಫೋನಿನಲ್ಲಿ.

“ನೀನು ಕೇಳ್ಲಿಲ್ವಾ?”

“ನೂರೆಂಟು ಕೆಲಸ.”

“ಹಾಗಿದ್ರೆ ಒಂದು ತುಣುಕು ಈಗ ಕೇಳು.” ಅವಳು ಫೋನನ್ನು ಸ್ಪೀಕರಿನ ಬಳಿ ಹಿಡಿದು ಕತ್ತರಿಗೆ ಸನ್ನೆ ಮಾಡಿದಳು.

ಆ ಕಡೆಯಿಂದ ನಗು, ಸ್ವಲ್ಪ ಹೆಚ್ಚೇ. “ಅಯ್ಯೋ, ಅದಾ? ಹೋದ ಸಲದ ಟೇಪ್ ಅಕ್ಕಾ. ಹುಡುಗರು ಕಪಾಟು ಖಾಲಿ ಮಾಡ್ತಿದ್ರು.”

“ಹೋದ ಸಲ ನಿಮ್ಮ ಸಾಹೇಬ್ರಿಗೆ ಹಳೇ ಹಲ್ಲಿತ್ತು ಕಣಪ್ಪಾ.”

ಈಗ ಅವನು ಸುಮ್ಮನಾದ. ಅವಳೂ ಸುಮ್ಮನಾದಳು. ಮೌನ ಸಮ್ಮತಿಯ ಲಕ್ಷಣ ಎನ್ನುತ್ತಾರೆ, ನಿಜ. ಆದರೆ ಗಾದೆಯನ್ನು ನಂಬಿ ವಾರ್ತೆ ಓದಲಾಗದು. ಅವಳು ಕಾದಳು.

“ನಿಮಗೇನು ಬೇಕು?” ಎಂದ ಕೊನೆಗೆ. ದನಿಯಲ್ಲಿ ತಮ್ಮ ಹೋಗಿ ಕಾರ್ಯದರ್ಶಿ ಬಂದಿದ್ದ.

“ನಿಮ್ಮ ಸಾಹೇಬ್ರು ಬೇಕು. ಆರು ಗಂಟೆಗೆ, ನೇರಪ್ರಸಾರದಲ್ಲಿ. ನನ್ನ ಹತ್ರ ಏನಿದೆ ಅಂತ ಹೇಳಿದೀನಿ, ಅಡಗಿಸಿಟ್ಟು ಹೊಡೆಯೋ ಬುದ್ಧಿ ನನಗಿಲ್ಲ. ಇದು ಒಂದು ಗಂಟೆಗೇ ಗಾಳೀಲಿ ಹೋಗಿದೆ. ಎಷ್ಟು ಜನ ಕೇಳಿದಾರೋ ಗೊತ್ತಿಲ್ಲ. ಟಿವಿಯವ್ರು ಕೇಳಿದ್ರೆ ಗೇಟ್ ಹತ್ತಿ ಒಳಗೆ ಬರ್ತಾರೆ. ನಾನು ಫೋನ್ ಮಾಡಿ ಕರೀತಿದೀನಿ.”

“ನೋಡ್ತೀನಿ,” ಎಂದು ಇಟ್ಟ.

ಆಮೇಲಿನ ಹೊತ್ತು ಬಾಣಲೆಯ ಮೇಲೆ ಕೂತಂತೆ. ಅವಳು ಟಿವಿಯ ಎಲ್ಲ ವಾಹಿನಿಗಳನ್ನೂ ಬದಲಿಸಿ ಬದಲಿಸಿ ನೋಡಿದಳು. ಎಲ್ಲರೂ ಬೆಳಗಿನ ‘ಅಲ್ಲಾಡಲ್ಲ’ವನ್ನೇ ಅಲ್ಲಾಡಿಸುತ್ತಿದ್ದರು. ಅತ್ತೆಗೆ ಫೋನ್ ಮಾಡಿ, “ಯಾರಿಗೂ ಹೇಳ್ಬೇಡಿ” ಎಂದಳು. “ಪಕ್ಕದ್ಮನೆಯವಳಿಗೆ ಹೇಳಿದೆ, ಆದ್ರೆ ಯಾರಿಗೂ ಹೇಳ್ಬೇಡ ಅಂತ ಹೇಳೇ ಹೇಳಿದೀನಿ” ಎಂದು ಉತ್ತರ ಬಂತು. ಅಂದರೆ ಬೀದಿ ಪೂರ್ತಿ ಗೊತ್ತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಐದು ದಾಟಿತು. ಕಂಚು ಬಂದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲ ಬಳಿ ನಿಂತ.

“ನನ್ನನ್ನ ಸಿದ್ಧವಾಗಿರು ಅಂದಿದಾರೆ,” ಎಂದ, ಅವಳ ಕಣ್ಣು ತಪ್ಪಿಸಿ. “ಏನು ವಿಷಯ ಅಂತ ಯಾರೂ ಹೇಳ್ತಿಲ್ಲ.”

“ಹೇಳೋ ಹಾಗಿದ್ರೆ ನಿಮಗೇ ಮೊದಲು ಹೇಳ್ತೀನಿ.”

“ನೀವು ಹೇಳೋದೂ ಒಂದೇ, ಗೋಡೆ ಹೇಳೋದೂ ಒಂದೇ,” ಎಂದು ನಕ್ಕು ಹೋದ.

ಐದೂವರೆಗೆ ಅವಳು ನಿರ್ದೇಶಕರ ಬಾಗಿಲ ಮುಂದೆ ನಿಂತು, ಒಳಗೆ ಹೋಗಿ ಏನು ಹೇಳಲಿ ಎಂದು ಹುಡುಕುತ್ತಿರುವಾಗ ಫೋನ್ ಗುಂಯ್ಗುಟ್ಟಿತು. “ಹೊರಟಿದೀವಿ,” ಎಂದ ಕಾರ್ಯದರ್ಶಿ. “ಅಕ್ಕಾ, ಅವರು ಒಪ್ಕೊಳ್ಳೋಕ್ಕೆ ಬರ್ತಿಲ್ಲ. ಅದು ನೆನಪಿರ್ಲಿ. ನಿಮ್ಮನ್ನ ಅಲ್ಲೇ ಮಲಗಿಸೋಕ್ಕೆ ಬರ್ತಿದಾರೆ.”

“ಬರ್ಲಿ,” ಎಂದಳು. ಬಾಗಿಲು ತಳ್ಳಿ ಒಳಗೆ ಹೋಗಿ, ಮುಖ್ಯಸ್ಥರೇ ನೇರಪ್ರಸಾರಕ್ಕೆ ಬರುತ್ತಿದ್ದಾರೆ, ಅವರ ಬಾಯಿಂದಲೇ ಖಚಿತ ಮಾಡಿಸುತ್ತೇನೆ ಎಂದು ನಿರ್ದೇಶಕರನ್ನು ಒಪ್ಪಿಸಿದಳು.

ಆರು ಗಂಟೆ. ಸ್ಟುಡಿಯೊದ ಹಸಿರು ಬಟ್ಟೆಯ ಮೇಜಿನ ಆಚೆ ಮುಖ್ಯಸ್ಥರು, ಈಚೆ ಅವಳು, ನಡುವೆ ಕಂಚಿನ ಫ್ಲಾಸ್ಕು. ಗಾಜಿನ ಆಚೆ ಕತ್ತರಿ, ಅವನ ಹಿಂದೆ ನಿರ್ದೇಶಕರು, ಪತ್ರಿಕಾ ಕಾರ್ಯದರ್ಶಿ, ಪಕ್ಕದ ಪುಟ್ಟ ಸ್ಟುಡಿಯೊದಲ್ಲಿ ಏನಾದರೂ ಎಡವಟ್ಟಾದರೆ ನುಗ್ಗಲು ಸಿದ್ಧನಾಗಿ ಕಂಚು. ಪ್ರಸಾರದ ಕೆಂಪು ದೀಪ ಹತ್ತಿತು.

ಅವಳು ಮೊದಲು ತಪ್ಪನ್ನು ಹೇಳಿದಳು. ಒಂದು ಗಂಟೆಯ ವಾರ್ತೆಯಲ್ಲಿ ಸಂದರ್ಶನದ ನಡುವೆ ಪಕ್ಕದ ಕೋಣೆಯ ದನಿಯೊಂದು ಸೇರಿಹೋಗಿದೆ. ಸೇರಿಸಿದ್ದು ನಮ್ಮ ಕೈ, ಬೇಕೆಂದು ಮಾಡಿದ್ದಲ್ಲ. ಆಮೇಲೆ ಮುಖ್ಯಸ್ಥರ ಕಡೆ ತಿರುಗಿದಳು.

“ಸಾರ್, ಬೆಳಿಗ್ಗೆ ಕೇಳಿದ್ದನ್ನೇ ಈಗಲೂ ಕೇಳ್ತೀನಿ. ಅವಧಿಗೆ ಮುಂಚೆ ಚುನಾವಣೆಗೆ ಹೋಗ್ತಿದೀರಾ?”

ಮುಖ್ಯಸ್ಥರು ಶುರುಮಾಡಿದರು. ರಸ್ತೆ, ಸೇತುವೆ, ಶಾಲೆ, ವಿರೋಧಿಗಳ ಹೊಟ್ಟೆಕಿಚ್ಚು, ತಮ್ಮ ತಾಯಿ ಕಲಿಸಿದ ಸತ್ಯಸಂಧತೆ. ದನಿ ತುಂಬಿ ಹರಿಯಿತು, ಸೀಟಿಗಳು ಹಾರಿದವು. ಗಾಜಿನ ಆಚೆ ನಿರ್ದೇಶಕರು, ‘ನಡುವೆ ಬಾಯಿ ಹಾಕಿ’ ಎಂದು ಕೈಯಾಡಿಸಿದರು. ಅವಳು ಹಾಕಲಿಲ್ಲ. ಪ್ರವಾಹ ತಾನಾಗಿ ಇಳಿಯುವ ತನಕ ಬಿಟ್ಟಳು.

“ಹೋಗ್ತಿದೀರಾ, ಇಲ್ವಾ ಸಾರ್?”

ಮತ್ತು ಸುಮ್ಮನಾದಳು.

ಮುಖ್ಯಸ್ಥರು ನಕ್ಕರು. ಅವರಿಗೆ ಇವಳ ವಿದ್ಯೆ ಗೊತ್ತು. ತುಟಿಯ ಮೇಲೆ ಬೆರಳಿಟ್ಟುಕೊಂಡು, ಬೆಳಗಿನಂತೆಯೇ, ಅವರೂ ಸುಮ್ಮನಾದರು. ಕೇಳುವವರಿಗೆ ಮಾತು ತಪ್ಪಿದವಳು ಅವಳೆಂದೇ ತೋರಬೇಕು. ಅವರ ಲೆಕ್ಕ ಅದು. ಕಾವಲು ಯಂತ್ರದ ದೀಪ ಹಳದಿಯಾಯಿತು. ನಿರ್ದೇಶಕರು ಗಾಜಿಗೆ ಮುಖ ಒತ್ತಿ ನಿಂತರು. ಕಂಚು ತನ್ನ ಮೈಕಿನ ಕಡೆ ಬಾಗಿದ. ದೀಪ ಕೆಂಪಾಯಿತು. ಇನ್ನೇನು ಹಾಡು ಬರಬೇಕು.

ಕತ್ತರಿ ಎದ್ದ. ನಿರ್ದೇಶಕರ ಕಡೆ ತಿರುಗಿಯೂ ನೋಡದೆ, ಕಾವಲು ಯಂತ್ರದ ಗುಂಡಿಯನ್ನು ಆರಿಸಿ, ಅದರ ಮೇಲೆ ಅಂಗೈ ಊರಿ ನಿಂತ.

ಪ್ರಾಂತ್ಯದುದ್ದಕ್ಕೂ ರೇಡಿಯೊಗಳು ಮೌನವಾಗಿದ್ದವು. ಸ್ಟುಡಿಯೊದಲ್ಲಿ ಏರ್ ಕಂಡೀಷನರಿನ ಉಸಿರು ಮಾತ್ರ.

“ಕೇಳುಗರೇ,” ಎಂದಳು ಅವಳು ಕೊನೆಗೆ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಮೆತ್ತಗೆ. “ನಿಮ್ಮ ರೇಡಿಯೊ ಕೆಟ್ಟಿಲ್ಲ. ಮುಖ್ಯಸ್ಥರು ನನ್ನ ಎದುರಿಗೇ ಇದ್ದಾರೆ, ಆರೋಗ್ಯವಾಗಿದ್ದಾರೆ. ಚುನಾವಣೆ ಇಲ್ಲ ಅಂತ ಬೆಳಿಗ್ಗೆ ಹೇಳಿದ್ದರು. ಈಗ ಹೇಳ್ತಿಲ್ಲ. ನೀವು ಕೇಳ್ತಿರೋದು ಅದನ್ನೇ.”

ಮುಖ್ಯಸ್ಥರ ಬೆರಳು ತುಟಿಯಿಂದ ಇಳಿಯಿತು. ಅವರಿಗೆ ಮೌನ ಸಹ್ಯವಾದರೂ ಆದೀತು, ಆದರೆ ತಮ್ಮ ಮೌನಕ್ಕೆ ಇನ್ನೊಬ್ಬರು ಅರ್ಥ ಹೇಳುವುದು ಸಹ್ಯವಾಗದು.

“ಯಾರು ಹೇಳಿದ್ರು ನಿಮಗೆ ಇದನ್ನೆಲ್ಲ?”

“ನೀವೇ ಸಾರ್.”

“ನಾನಾ? ಯಾವಾಗ?”

“ನೀವು ಸುಮ್ನಿದ್ದಾಗ.”

ಅವಳು ಕೈ ಎತ್ತಿದಳು. ಕತ್ತರಿ ಆ ತುಣುಕು ಹಾಕಿದ. ಬಾಗಿಲ ಆಚೆಯ ದನಿ ಸ್ಟುಡಿಯೊ ತುಂಬಿತು: ಅಮೂಲ್ಯ ಮತ, ಸ್ಥಿರ ಸರ್ಕಾರ, ಸಹಕರಿಸಿ. ಮುಖ್ಯಸ್ಥರು ತಲೆ ಒಂದು ಕಡೆಗೆ ವಾಲಿಸಿ, ಹುಬ್ಬು ಗಂಟಿಕ್ಕಿ ಕೇಳಿದರು. ಕೋಪ ಬರುತ್ತದೆಂದು ಎಲ್ಲರೂ ಕಾದರು. ಬಂದದ್ದು ಬೇರೆ.

“ಎಷ್ಟು ಕೆಟ್ಟದಾಗಿ ಬಂದಿದೆ,” ಎಂದರು. “ಇದೇನಿದು ಸೀಟಿ? ಚೆನ್ನಾಗಿದೆ ಚೆನ್ನಾಗಿದೆ ಅಂತ ಎಲ್ಲರೂ ನಿನ್ನೆ ಚಪ್ಪಾಳೆ ಹೊಡೆದ್ರಲ್ಲ. ಇನ್ನೊಂದ್ಸಲ ರೆಕಾರ್ಡ್ ಮಾಡಿಸ್ಬೇಕು.”

“ನಿನ್ನೆ,” ಎಂದಳು ಅವಳು.

ಗಾಜಿನ ಆಚೆ ಪತ್ರಿಕಾ ಕಾರ್ಯದರ್ಶಿ ಮೆಲ್ಲಗೆ ಕುರ್ಚಿ ಹುಡುಕಿಕೊಂಡು ಕೂತ.

ಮುಖ್ಯಸ್ಥರು ಅವಳನ್ನು ನೋಡಿದರು. ಮೂರು ಚುನಾವಣೆ ಗೆದ್ದವರು. ಯಾವ ಗಳಿಗೆಯಲ್ಲಿ ಸೋತೆ, ಯಾವ ಗಳಿಗೆಯಲ್ಲಿ ಸೋಲನ್ನೇ ಬಂಡವಾಳ ಮಾಡಿಕೊಳ್ಳಬಹುದು ಎಂಬುದು ತಿಳಿದವರು. ಫ್ಲಾಸ್ಕಿನಿಂದ ತಾವೇ ಬಿಸಿನೀರು ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು, ಮೈಕಿನ ಹತ್ತಿರಕ್ಕೆ ಬಂದರು.

“ಸರಿ. ನಾಳೆ ಹೇಳ್ಬೇಕು ಅಂತಿದ್ದೆ. ಇವತ್ತೇ ಹೇಳ್ತೀನಿ, ನಿಮ್ಮ ರೇಡಿಯೊದಲ್ಲೇ ಹೇಳ್ತೀನಿ. ನಾಳೆ ಬೆಳಿಗ್ಗೆ ಸಂಪುಟ ಸೇರಿ ಸಭೆ ವಿಸರ್ಜನೆಗೆ ಶಿಫಾರಸು ಮಾಡ್ತೀವಿ. ಚುನಾವಣೆಗೆ ಹೋಗ್ತಿದೀವಿ.”

ಬಾಗಿಲ ಹಿಂದಿನ ಟೇಪು ಒಂದು ಬಾಯಿ, ಇದು ಎರಡನೆಯ ಬಾಯಿ. ಗಾಳಿಮಾತು ಸುದ್ದಿಯಾಯಿತು.

“ಹಾಗಾದ್ರೆ ಬೆಳಿಗ್ಗೆ ಹೇಳಿದ್ದು ಸುಳ್ಳಾ ಸಾರ್?”

“ಬೆಳಿಗ್ಗೆ ಅದು ಬೆಳಗಿನ ಸತ್ಯ ತಾಯಿ.”

“ಈಗ ಹೇಳ್ತಿರೋದು ಎಷ್ಟು ಗಂಟೆವರೆಗೆ?”

ಕಂಚಿನ ನಗು ಗೋಡೆ ದಾಟಿ ಕೇಳಿಸಿತು. ಆಮೇಲೆ ಅವಳು ಬಿಡಲಿಲ್ಲ. ಅವಧಿ ಉಳಿದಿರುವಾಗ ಯಾಕೆ, ಖರ್ಚು ಯಾರದು, ಅರ್ಧಕ್ಕೆ ನಿಂತ ಮಸೂದೆಗಳ ಗತಿಯೇನು. ಒಂದೊಂದು ಪ್ರಶ್ನೆ, ಒಂದೊಂದು ಕಾಯುವಿಕೆ. ಇಪ್ಪತ್ತು ವರ್ಷದ ತಿಳಿವಳಿಕೆ ಬೆರಳ ತುದಿಯಲ್ಲಿತ್ತು. ಮುಖ್ಯಸ್ಥರು ಈಗ ಪ್ರತಿ ಮೌನವನ್ನೂ ಕಂಡು ಬೆಚ್ಚಿ, ಅದು ದೊಡ್ಡದಾಗುವ ಮುಂಚೆಯೇ ಉತ್ತರ ತುಂಬುತ್ತಿದ್ದರು. ಗಾಜಿನ ಆಚೆ ನಿಲಯದ ಫೋನುಗಳೆಲ್ಲ ಒಟ್ಟಿಗೆ ಮಿನುಗತೊಡಗಿದವು. ಕೆಳಗೆ ಬೀದಿಯಲ್ಲಿ ಟಿವಿ ವಾಹನಗಳು ಬ್ರೇಕು ಹಾಕುವ ಸದ್ದು.

ಪ್ರಸಾರದ ಕೆಂಪು ದೀಪ ಆರಿದಾಗ ನಿರ್ದೇಶಕರೇ ಒಳಗೆ ಬಂದರು. ಮುಖ್ಯಸ್ಥರ ಕೈ ಕುಲುಕಿ, ಅವಳ ಕಡೆ ತಿರುಗಿ, “ಸೋಮವಾರದ ಅತಿಥಿ ಯಾರು ಅಂತ ಯೋಚಿಸಿದೀರಾ?” ಎಂದರು. ಅದು ಅವರ ಮಟ್ಟಿಗೆ ನೇಮಕದ ಆದೇಶ. ಆಮೇಲೆ, “ಆ ಯಂತ್ರಾನ ಮಾತ್ರ ಇನ್ಮೇಲೆ ನನ್ನ ಕೇಳಿ ಆರಿಸಿ,” ಎಂದು ಕತ್ತರಿಯ ಕಡೆ ಬೆರಳು ತೋರಿಸಿದರು.

ಕಂಚು ಬಂದು ಫ್ಲಾಸ್ಕನ್ನು ಕೈಗೆತ್ತಿಕೊಂಡ. ಅಲ್ಲಾಡಿಸಿ ನೋಡಿದ, ಮುಖ್ಯಸ್ಥರು ಪೂರ್ತಿ ಮುಗಿಸಿದ್ದರು. ಒಂದು ಗಳಿಗೆ ತಡೆದು ಅದನ್ನು ಮತ್ತೆ ಮೇಜಿನ ಮೇಲೇ ಇಟ್ಟ, ಈ ಸಲ ಅವಳ ಕಡೆಗೆ ಸರಿಸಿ. “ಇಲ್ಲೇ ಇರ್ಲಿ,” ಎಂದ. “ನಿಮ್ಮ ಅತಿಥಿಗಳಿಗೆ ಗಂಟಲು ಒಣಗತ್ತೆ.”

ಅವಳ ಫೋನಿನಲ್ಲಿ ಅತ್ತೆಯ ಒಂದು ಸಂದೇಶ ಕಾದಿತ್ತು. ತೆರೆದಳು. ‘ನಡುವೆ ಅಷ್ಟು ಹೊತ್ತು ಸದ್ದಿಲ್ಲದ್ದು ನೋಡಿ ರೇಡಿಯೊ ಕೆಟ್ಟಿತು ಅಂತ ಎರಡು ಸಲ ಕುಟ್ಟಿದೆ. ಗುಂಡಿ ಕಿತ್ತು ಬಂತು. ಬರುವಾಗ ಹೊಸದು ತಾ.’ ಚೆನ್ನಾಗಿತ್ತು ಎಂದು ಈ ಸಲವೂ ಇರಲಿಲ್ಲ. ಅವಳಿಗೆ ನಗು ಬಂತು.

ಮುಖ್ಯಸ್ಥರು ಏಳಲು ಹೊರಟಿದ್ದರು. ಬೆಳಗಿನ ವಾರ್ತೆಗೆ ಈ ಮಾತುಗಳನ್ನು ಕತ್ತರಿಸಿ ಹಾಕಬೇಕಲ್ಲ ಎಂದು ಅವಳಿಗೆ ನೆನಪಾಯಿತು. ಹೆಡ್‌ಫೋನನ್ನು ಕುತ್ತಿಗೆಯಿಂದ ಎತ್ತಿ, ಎರಡೂ ಕಿವಿಗೆ ಸರಿಯಾಗಿ ಕೂರಿಸಿಕೊಂಡು, ಅಂಗೈ ಎತ್ತಿದಳು.

“ಒಂದ್ನಿಮಿಷ ಸುಮ್ನಿರಿ ಸಾರ್. ಯಂತ್ರ ಓಡ್ತಿದೆ.”

ಮುಖ್ಯಸ್ಥರು ಅರ್ಧ ಎದ್ದವರು ಹಾಗೇ ನಿಂತರು. ಮೈಕನ್ನು ನೋಡಿದರು, ತಮ್ಮ ಹಿಂದಿದ್ದ ಬಾಗಿಲನ್ನು ನೋಡಿದರು. ಆಮೇಲೆ ಕಾರ್ಯದರ್ಶಿಯನ್ನು ಸನ್ನೆ ಮಾಡಿ ಒಳಗೆ ಕರೆದು, ಕಿವಿಯಲ್ಲಿ, ಆದರೆ ಯಂತ್ರಕ್ಕೆ ಚೆನ್ನಾಗಿಯೇ ಕೇಳಿಸುವಂತೆ ಸೀಟಿ ಹೊಡೆದುಕೊಂಡು ಹೇಳಿದರು:

“ಸ್ವಲ್ಪ ಪಕ್ಕದ ರೂಮಲ್ಲಿ ಯಾರಿದಾರೆ, ನೋಡ್ಕೊಂಡು ಬಾರಪ್ಪಾ.”